ಕೆಲಸದ ಅಳತೆ: ಗುಳೇದಗುಡ್ಡದ ಮಗ್ಗದಿಂದ ನಮ್ಮ ತೋಟಕ್ಕೆ ಒಂದು ಪಾಠ



ಕುಯ್ಲಿನ ಕಾಲ ಹತ್ತಿರ ಬಂದಂತೆ ನಮ್ಮೆಲ್ಲರ ಮನೆಗಳಲ್ಲಿಯೂ ಒಂದೇ ಮಾತು ಕೇಳಿಬರುತ್ತದೆ: "ಈಗಿನ ಆಳುಗಳು ಕೆಲಸ ಮಾಡುವುದಿಲ್ಲ." ಹಾಗೆನ್ನುವವರನ್ನು ನಿಲ್ಲಿಸಿ, "ಕೆಲಸ ಎಂದರೆ ಏನು? ಎಷ್ಟು ಮಾಡಿದರೆ, ಹೇಗೆ ಮಾಡಿದರೆ ಮಾಡಿದ ಹಾಗೆ?" ಎಂದು ಕೇಳಿದರೆ ಉತ್ತರ ಸುಲಭವಾಗಿ ಬರುವುದಿಲ್ಲ. ಒಬ್ಬರು ತೂಕ ಎನ್ನುತ್ತಾರೆ, ಇನ್ನೊಬ್ಬರು ಹೊತ್ತಿಗೆ ಸರಿಯಾಗಿ ಬರುವುದು ಎನ್ನುತ್ತಾರೆ, ಮತ್ತೊಬ್ಬರು ನಂಬಿಕೆ ಎನ್ನುತ್ತಾರೆ. ಮೂವರ ಮನಸ್ಸಿನಲ್ಲಿ ಮೂರು ಅಳತೆಗೋಲು ಇರುವಾಗ ಕೆಲಸಗಾರನು ಯಾವುದಕ್ಕೆ ಸರಿಹೊಂದಬೇಕು? ಈ ಸಂಚಿಕೆಯ ಪಾಠದಲ್ಲಿ ನಾವು ಇದನ್ನೇ ವಿಚಾರ ಮಾಡೋಣ. ಕೆಲಸವನ್ನು ಮೊದಲು ಹೇಳಿಕೊಂಡು ಆಮೇಲೆ ಅಳೆಯಬೇಕು. ಅಳತೆಯನ್ನೇ ಮೊದಲು ಹಿಡಿದು ಹೊರಟರೆ ಅಳತೆಗೆ ಸಿಕ್ಕಷ್ಟು ಮಾತ್ರ ಕೆಲಸವಾಗುತ್ತದೆ, ಉಳಿದದ್ದು ಕೆಡುತ್ತದೆ. ನಾವು ಹೇಳಬೇಕಾಗಿರುವುದು ಇಷ್ಟೇ.

ಈ ಪಾಠಕ್ಕೆ ಉದಾಹರಣೆಯನ್ನು ನಮ್ಮ ಮಲೆನಾಡಿನಿಂದ ಆರಿಸದೆ, ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಿಂದ ಆರಿಸಿಕೊಂಡಿದ್ದೇವೆ. ಅದಕ್ಕೆ ಕಾರಣವಿದೆ. ನಮ್ಮ ತೋಟದಲ್ಲಿ ಒಬ್ಬನ ಕೆಲಸ ಮತ್ತೊಬ್ಬನ ಕೆಲಸದೊಡನೆ ಒಂದೇ ಕಣದಲ್ಲಿ ಬೆರೆತುಹೋಗುತ್ತದೆ. ಬೇರ್ಪಡಿಸಿ ನೋಡುವುದು ಕಷ್ಟ. ನೇಯ್ಗೆಯಲ್ಲಿ ಹಾಗಲ್ಲ. ನೇಯ್ದವನ ಕೈಯ ಗುಣ, ದೋಷ ಎರಡೂ ಬಟ್ಟೆಯಲ್ಲಿಯೇ ಉಳಿದಿರುತ್ತವೆ. ಕೆಲಸದ ಅಳತೆಯನ್ನು ಕಲಿಯಲು ಅದಕ್ಕಿಂತ ಒಳ್ಳೆಯ ಶಾಲೆ ಇಲ್ಲ.

1. ಮಗ್ಗದ ಮುಂದೆ ಕಂಡದ್ದು

ಬಾದಾಮಿ, ಐಹೊಳೆಗಳನ್ನು ನೋಡಲು ಹೋದಾಗ ನಾವು ಗುಳೇದಗುಡ್ಡದಲ್ಲಿ ಒಂದು ದಿನ ಇಳಿದೆವು. ಕುಪ್ಪಸದ ಖಣಕ್ಕೆ ಹೆಸರಾದ ಊರು ಅದು. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ ಎಂದರೆ ಉತ್ತರ ಕರ್ನಾಟಕದಲ್ಲಿ ಒಂದು ಜೋಡಿ. ಉಡಿ ತುಂಬುವಾಗ ಖಣವಿಲ್ಲದೆ ಶಾಸ್ತ್ರ ಮುಗಿಯುವುದಿಲ್ಲ. ಮಹಾರಾಷ್ಟ್ರದಲ್ಲಿಯೂ ಈ ಬಟ್ಟೆಗೆ ಬೇಡಿಕೆ ಉಂಟು. ಆನೆ ಹೆಜ್ಜೆ, ತೇರು, ಸೂರ್ಯನಾರಾಯಣ ಮೊದಲಾದ ಹೆಸರುಗಳ ಸಣ್ಣ ಸಣ್ಣ ಚಿತ್ತಾರಗಳು ಅದರ ಮೈತುಂಬ ಇರುತ್ತವೆ. ಇವು ಅಚ್ಚು ಹಾಕಿದವಲ್ಲ, ಕಸೂತಿಯೂ ಅಲ್ಲ. ಹಾಸಿಗೆ ಹೆಚ್ಚಿನ ಎಳೆಗಳನ್ನು ಸೇರಿಸಿ, ನೇಯುವಾಗಲೇ ಅವುಗಳನ್ನು ಎತ್ತಿ ಇಳಿಸಿ ಮೂಡಿಸಿದವು.

ನೇಕಾರನು ಕುಣಿ ಮಗ್ಗದಲ್ಲಿ ಕಾಲನ್ನು ಕೆಳಗೆ ಇಳಿಬಿಟ್ಟು ಕುಳಿತು ನೇಯುತ್ತಿದ್ದನು. ಅವನಿಗೆ ಸಿಗುವುದು ದಿನಗೂಲಿಯಲ್ಲ. ನೂಲನ್ನು ಕೊಡುವ ಮಾಲೀಕರು ಬೇರೆ. ಇವನು ನೇಯ್ದು ಕೊಟ್ಟದ್ದನ್ನು ಎಣಿಸಿ ಖಣವೊಂದಕ್ಕೆ ಇಷ್ಟು ಎಂದು ಮಜೂರಿ ಕೊಡುತ್ತಾರೆ. ಮೇಲುನೋಟಕ್ಕೆ ಇದಕ್ಕಿಂತ ನ್ಯಾಯವಾದ ಅಳತೆ ಇಲ್ಲವೆನಿಸುತ್ತದೆ. ನೇಯ್ದಷ್ಟಕ್ಕೆ ಹಣ, ವಾದಕ್ಕೆ ಎಡೆಯಿಲ್ಲ.

ಆದರೆ ಅರ್ಧ ಗಂಟೆ ಅಲ್ಲಿ ಕುಳಿತ ಮೇಲೆ ನಮಗೆ ಬೇರೆ ಸಂಗತಿಗಳು ಕಾಣತೊಡಗಿದವು. ಮನೆಯ ಹೆಂಗಸು ಒಂದು ಮೂಲೆಯಲ್ಲಿ ಕುಳಿತು ಲಾಳಿಗೆ ಬೇಕಾದ ಕಂಡಿಕೆ ಸುತ್ತುತ್ತಿದ್ದಳು. ಒಂದು ಹಾಸು ಮುಗಿದಾಗ ಹಳೆಯ ಎಳೆಗಳ ತುದಿಗೆ ಹೊಸ ಎಳೆಗಳನ್ನು ಒಂದೊಂದಾಗಿ ಕೆಚ್ಚಬೇಕು; ಅದು ತಾಳ್ಮೆಯ ಕೆಲಸ, ಅಷ್ಟು ಹೊತ್ತು ಮಗ್ಗ ನಿಂತಿರುತ್ತದೆ. ಚಿತ್ತಾರ ಬದಲಾದರೆ ಮಗ್ಗವನ್ನು ಹೊಸದಾಗಿ ಹೊಂದಿಸಬೇಕು. ನೂಲು ಕೆಟ್ಟದ್ದಾಗಿದ್ದರೆ ಎಳೆ ಪದೇ ಪದೇ ಹರಿಯುತ್ತದೆ. "ಖಣಾ ಎಣಸ್ತಾರ್ರೀ, ಕಾದ ದಿನಾ ಯಾರೂ ಎಣಸಂಗಿಲ್ಲ" ಎಂದು ಅವನು ಲಾಳಿಯ ಮೇಲಿನ ಕಣ್ಣು ತೆಗೆಯದೆ ಹೇಳಿದನು.

ಈ ಒಂದು ಮಾತಿನಲ್ಲಿ ಮೂರು ಪಾಠಗಳಿವೆ. ಮೊದಲನೆಯದು, ಎಣಿಕೆಗೆ ಬಂದದ್ದು ಕೆಲಸದ ಒಂದು ಭಾಗ ಮಾತ್ರ. ಎರಡನೆಯದು, ನೂಲು ಹರಿದದ್ದು, ಹಾಸು ತಡವಾಗಿ ಬಂದದ್ದು ನೇಕಾರನ ಕೈಯಲ್ಲಿಲ್ಲದಿದ್ದರೂ ಅದರ ನಷ್ಟ ಅವನ ಲೆಕ್ಕಕ್ಕೆ ಬೀಳುತ್ತದೆ. ಮೂರನೆಯದು, ಕಂಡಿಕೆ ಸುತ್ತಿದ ಕೈಗಳು ಯಾವ ಲೆಕ್ಕದಲ್ಲಿಯೂ ಇಲ್ಲ. 2019-20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿಯಲ್ಲಿ ದೇಶದಲ್ಲಿ ನೇಕಾರರು ಮತ್ತು ಪೂರಕ ಕೆಲಸಗಾರರು ಸೇರಿ 35 ಲಕ್ಷಕ್ಕೂ ಹೆಚ್ಚು ಮಂದಿ ಇದ್ದರು. ಅವರಲ್ಲಿ ಹತ್ತಕ್ಕೆ ಏಳಕ್ಕಿಂತ ಹೆಚ್ಚು ಮಂದಿ ಮಹಿಳೆಯರು. ಮಜೂರಿಯ ಲೆಕ್ಕ ಮಾತ್ರ ಬಹಳ ಕಡೆ ಮಗ್ಗದ ಮೇಲೆ ಕುಳಿತವನ ಹೆಸರಿನಲ್ಲಿಯೇ ನಡೆಯುತ್ತದೆ.

2. ಕೆಲಸ ಬೇರೆ, ಫಲ ಬೇರೆ

ಕೈಗಾರಿಕೆಯಲ್ಲಿ ಕೆಲಸವನ್ನು ಶಾಸ್ತ್ರೀಯವಾಗಿ ಅಳೆಯಲು ಹೊರಟವರಲ್ಲಿ ಅಮೆರಿಕದ ಎಂಜಿನಿಯರ್ ಫ್ರೆಡರಿಕ್ ಟೇಲರ್ ಪ್ರಸಿದ್ಧನು. ಉಕ್ಕಿನ ಕಾರ್ಖಾನೆಯಲ್ಲಿ ಕಬ್ಬಿಣದ ಗಟ್ಟಿಗಳನ್ನು ಹೊತ್ತು ರೈಲುಗಾಡಿಗೆ ತುಂಬುವ ಆಳು ದಿನಕ್ಕೆ ಹನ್ನೆರಡೂವರೆ ಟನ್ ಹೊರುತ್ತಿದ್ದುದನ್ನು ತಾನು ನಲವತ್ತೇಳೂವರೆ ಟನ್ನಿಗೆ ಏರಿಸಿದೆನೆಂದು 1911ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಅವನು ಹೇಳಿಕೊಂಡನು. ಕಬ್ಬಿಣದ ಗಟ್ಟಿಗೆ ಈ ಅಳತೆ ಸಾಕಾಗಬಹುದು. ಅವಸರದಲ್ಲಿ ಹೊತ್ತರೆ ಕಬ್ಬಿಣವೇನೂ ಕೆಡುವುದಿಲ್ಲ. ಖಣಕ್ಕೆ, ಕಾಫಿಗೆ, ಅಡಿಕೆಗೆ ಈ ಮಾತು ಒಪ್ಪುವುದಿಲ್ಲ.

ಮುಂದೆ 1990ರಲ್ಲಿ ಜಾನ್ ಕ್ಯಾಂಬೆಲ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಒಂದು ಮುಖ್ಯವಾದ ಭೇದವನ್ನು ಸ್ಪಷ್ಟಪಡಿಸಿದರು. ಒಬ್ಬನ ಕಾರ್ಯ ನಿರ್ವಹಣೆ ಎಂದರೆ ಅವನು ಏನು ಮಾಡುತ್ತಾನೆ ಎಂಬುದು. ಅದರಿಂದ ಕೊನೆಗೆ ಏನಾಯಿತು ಎಂಬುದು ಫಲ. ಎರಡೂ ಒಂದೇ ಅಲ್ಲ, ಏಕೆಂದರೆ ಫಲದಲ್ಲಿ ಅವನ ಕೈಗೆ ಮೀರಿದ ಸಂಗತಿಗಳೂ ಸೇರಿರುತ್ತವೆ.

ಅಡಿಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮ ನಮ್ಮಲ್ಲಿ ನೂರು ವರ್ಷಕ್ಕೂ ಹಳೆಯದು. ಮೈಸೂರು ಸಂಸ್ಥಾನದಲ್ಲಿದ್ದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಈ ರೋಗವನ್ನು ಅಧ್ಯಯನ ಮಾಡಿ ಈ ಕ್ರಮಕ್ಕೆ ದಾರಿ ಮಾಡಿದರು. ಈಗ ಔಷಧಿ ಹೊಡೆಯುವ ಕೊನೆಗಾರನನ್ನು ಹೇಗೆ ಅಳೆಯಬೇಕು? ಎಷ್ಟು ಮರ ಹತ್ತಿದ ಎಂದು ಎಣಿಸಿ ಹಣ ಕೊಟ್ಟರೆ, ಗೊನೆಯ ಹಿಂಬದಿಗೆ ದ್ರಾವಣ ತಾಗಿತೋ ಇಲ್ಲವೋ ಎಂಬುದನ್ನು ಅವನು ನೋಡುವುದಿಲ್ಲ. ನೋಡುತ್ತ ನಿಂತರೆ ಅವನಿಗೇ ನಷ್ಟ. "ಕೊಳೆ ಬಂದರೆ ಹಣ ಮುರಿಯುತ್ತೇವೆ" ಎಂದರೆ ಅದೂ ಅನ್ಯಾಯ. ಮಳೆ ಬಿಡದೆ ಸುರಿದ ವರ್ಷ ಚೆನ್ನಾಗಿ ಹೊಡೆದ ತೋಟಕ್ಕೂ ಕೊಳೆ ಬರಬಹುದು, ಮಳೆ ಕಡಿಮೆಯಾದ ವರ್ಷ ಅರೆಬರೆ ಹೊಡೆದ ತೋಟವೂ ಉಳಿಯಬಹುದು.

ಹಾಗಾದರೆ ಅಳೆಯಬೇಕಾದದ್ದು ಅವನ ಕೈಯಲ್ಲಿರುವ ಕೆಲಸವನ್ನು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಪ್ರಮಾಣವನ್ನು ಪಾಲಿಸಿದನೇ? ದ್ರಾವಣದಲ್ಲಿ ಹೊಳಪಾದ ಕತ್ತಿಯ ಅಲಗನ್ನು ಒಂದು ನಿಮಿಷ ಅದ್ದಿ, ತಾಮ್ರದ ಕೆಂಪು ಕಟ್ಟಿದರೆ ಸುಣ್ಣ ಸೇರಿಸಿದನೇ? ಗೊನೆಯ ಎಲ್ಲ ಮಗ್ಗುಲಿಗೂ ದ್ರಾವಣ ತಾಗಿದೆಯೇ? ಮಳೆಗೆ ಮುಂಚೆ ಒಂದು ಸಲ, ಅಲ್ಲಿಂದ 40-45 ದಿನಕ್ಕೆ ಮತ್ತೊಂದು ಸಲ ಎಂಬ ಅಂತರ ಉಳಿಯಿತೇ? ಈ ಕೊನೆಯ ಪ್ರಶ್ನೆಗೆ ಉತ್ತರ ಹೇಳಬೇಕಾದವನು ಆಳಲ್ಲ, ತೋಟದ ಯಜಮಾನ.

3. ತೂಗಿದ್ದೇ ಬೆಳೆಯುತ್ತದೆ

ಈಗ ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳುತ್ತೇವೆ. ಕೆಲವು ವರ್ಷಗಳ ಹಿಂದೆ ನಮ್ಮ ತೋಟದಲ್ಲಿ ಕಾಫಿ ಕುಯ್ಲು ಬೇಗ ಮುಗಿಯಲೆಂದು ಕಿಲೋ ಲೆಕ್ಕದ ಕೂಲಿಯ ಮೇಲೆ ಒಂದು ಬಹುಮಾನ ಇಟ್ಟೆವು. ಪ್ರತಿ ಸಂಜೆ ಕಣದಲ್ಲಿ ತೂಕದ ಪಟ್ಟಿ ಓದಿ, ಮೊದಲು ಬಂದವರಿಗೆ ಹೆಚ್ಚಿನ ಹಣ ಕೊಟ್ಟೆವು. ತೂಕ ಏರಿತು, ನಮಗೂ ಸಂತೋಷವಾಯಿತು. ಪಟ್ಟಿಯ ಕೊನೆಯಲ್ಲಿ ದಿನವೂ ಒಬ್ಬ ಹಿರಿಯ ಹೆಂಗಸಿನ ಹೆಸರು ಬರುತ್ತಿತ್ತು. ಅವಳು ಬಹಳ ವರ್ಷಗಳಿಂದ ನಮ್ಮಲ್ಲಿ ಕುಯ್ಯುತ್ತಿದ್ದವಳು. ಹಣ್ಣನ್ನು ಮಾತ್ರ ಬಿಡಿಸಿ, ಕಾಯನ್ನು ಗಿಡದಲ್ಲಿಯೇ ಬಿಟ್ಟು, ರೆಂಬೆಯನ್ನು ಮೆಲ್ಲನೆ ಬಿಡುತ್ತಿದ್ದಳು. ನಾಲ್ಕು ದಿನ ಎಲ್ಲರೆದುರು ತನ್ನ ಹೆಸರನ್ನು ಕೊನೆಯಲ್ಲಿ ಕೇಳಿದಳು. ಐದನೆಯ ದಿನ ಅವಳ ಚೀಲದ ತೂಕ ಹೆಚ್ಚಿತ್ತು. ಸುರಿದು ನೋಡಿದರೆ ಹಸಿರು ಕಾಯಿ, ಎಲೆ, ಮುರಿದ ಕಡ್ಡಿ. "ಇದೇನಮ್ಮ, ನೀನೂ ಹೀಗೆ ಮಾಡಿದೆಯಾ?" ಎಂದು ಕೇಳಿದೆವು. "ನೀವು ಕೇಳಿದ್ದು ಇದನ್ನೇ ಅಲ್ಲವಾ ಅಯ್ಯ?" ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ಆ ವರ್ಷದ ನಷ್ಟ ಕಣದಲ್ಲಿಯೇ ಮುಗಿಯಲಿಲ್ಲ. ಹಸಿರು ಕಾಯಿ ಬೆರೆತ ಸರಕು ಲೋಟದ ರುಚಿಯನ್ನು ಕೆಡಿಸುತ್ತದೆ. ಕಾಫಿ ಗಿಡ ಹಿಂದಿನ ಋತುವಿನಲ್ಲಿ ಬೆಳೆದ ರೆಂಬೆಯಲ್ಲಿ ಫಸಲು ಕೊಡುವುದರಿಂದ, ಈ ವರ್ಷ ಮುರಿದ ರೆಂಬೆ ಎಂದರೆ ಮುಂದಿನ ವರ್ಷದ ಫಸಲು. ಅವಸರದ ಕುಯ್ಲಿನಲ್ಲಿ ನೆಲಕ್ಕೆ ಉದುರಿದ ಹಣ್ಣನ್ನು ಆಯುವವರೂ ಇರಲಿಲ್ಲ. ಆಯ್ದರೆ ತೂಕ ಕಡಿಮೆಯಾಗುತ್ತಿತ್ತಲ್ಲ! 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಭಾರತದಲ್ಲಿಯೇ ಮೊದಲು ಕಾಣಿಸಿಕೊಂಡ ಕಾಯಿಕೊರಕ ಹುಳುವಿಗೆ ಇಂಥ ಉದುರು ಹಣ್ಣೇ ಆಶ್ರಯ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ನಾವು ಹಣ ಕೊಟ್ಟು ಕಲಿತ ಹಾಗಾಯಿತು.

ಒಂದನ್ನು ಬಯಸುತ್ತ ಇನ್ನೊಂದಕ್ಕೆ ಬಹುಮಾನ ಕೊಡುವ ಮೂರ್ಖತನದ ಬಗ್ಗೆಯೇ ಸ್ಟೀವನ್ ಕೆರ್ ಎಂಬ ವಿದ್ವಾಂಸರು 1975ರಲ್ಲಿ ಒಂದು ಲೇಖನ ಬರೆದರು. ಅದು ಇಂದಿಗೂ ಆಡಳಿತ ಶಾಸ್ತ್ರದ ವಿದ್ಯಾರ್ಥಿಗಳ ಪಾಠವಾಗಿದೆ.

ಬೆಳೆಗಾರರಾದ ನಾವು ಇದೇ ಪೆಟ್ಟನ್ನು ಇನ್ನೊಂದು ಕಡೆಯಿಂದ ತಿಂದಿದ್ದೇವೆ. 1990ರ ದಶಕದಲ್ಲಿ ಮುಕ್ತ ಮಾರಾಟ ಬರುವವರೆಗೆ ನಮ್ಮ ಕಾಫಿಯೆಲ್ಲ ಪೂಲಿಗೆ ಹೋಗುತ್ತಿತ್ತು. ದರ್ಜೆಗೆ ಇಷ್ಟು ಪಾಯಿಂಟು ಎಂಬ ಲೆಕ್ಕದಲ್ಲಿ ಹಣ ಕಂತು ಕಂತಾಗಿ ಬರುತ್ತಿತ್ತು. ತನ್ನ ತೋಟದ ಕಾಫಿಯ ವಿಶೇಷ ಗುಣ ಎಲ್ಲರ ಕಾಫಿಯೊಡನೆ ಬೆರೆತುಹೋಗುತ್ತದೆ ಎಂದು ಅನೇಕ ಬೆಳೆಗಾರರು ಕೊರಗುತ್ತಿದ್ದುದು ಹಿರಿಯ ಸದಸ್ಯರಿಗೆ ನೆನಪಿರಬಹುದು. ಅಂದು ನಾವು ಪಟ್ಟ ಕೊರಗನ್ನು ಇಂದು ನಮ್ಮ ಆಳುಗಳು ಪಡದಂತೆ ನೋಡಿಕೊಳ್ಳುವುದು ನಮ್ಮ ಹೊಣೆ.

4. ಒಂದು ಸಣ್ಣ ಲೆಕ್ಕ

ಉದಾಹರಣೆಗಾಗಿ ಹೀಗೆ ಭಾವಿಸೋಣ. ಮೊದಲನೆಯವಳು ದಿನಕ್ಕೆ 70 ಕಿಲೋ ಕುಯ್ದಳು, ಅದರಲ್ಲಿ ನೂರಕ್ಕೆ 20 ಭಾಗ ಹಸಿರು ಕಾಯಿ. ಎರಡನೆಯವಳು 60 ಕಿಲೋ ಕುಯ್ದಳು, ಹಸಿರು ನೂರಕ್ಕೆ 5 ಭಾಗ. ತಕ್ಕಡಿಯ ಲೆಕ್ಕದಲ್ಲಿ ಮೊದಲನೆಯವಳು 10 ಕಿಲೋ ಮುಂದೆ. ಹಣ್ಣಿನ ಲೆಕ್ಕ ಹಾಕಿದರೆ ಮೊದಲನೆಯವಳದು 56 ಕಿಲೋ, ಎರಡನೆಯವಳದು 57 ಕಿಲೋ. ಅಂದರೆ ಹಿಂದೆ ಬಿದ್ದಳೆಂದು ನಾವು ತಿಳಿದವಳೇ ಮುಂದಿದ್ದಾಳೆ. ಅದಲ್ಲದೆ ಮೊದಲನೆಯವಳು ಕಿತ್ತ 14 ಕಿಲೋ ಕಾಯಿ ಗಿಡದಲ್ಲಿ ಉಳಿದಿದ್ದರೆ ಮುಂದಿನ ಸುತ್ತಿಗೆ ಹಣ್ಣಾಗಿ ಸಿಗುತ್ತಿತ್ತು.

ಇದನ್ನು ತಿಳಿಯಲು ದೊಡ್ಡ ಯಂತ್ರವೇನೂ ಬೇಡ. ಚೀಲವನ್ನು ಸುರಿದು, ರಾಶಿಯ ಮೇಲಿಂದ, ನಡುವಿನಿಂದ, ತಳದಿಂದ ಸೇರಿಸಿ ಕಣ್ಣುಮುಚ್ಚಿ ನೂರು ಹಣ್ಣು ತೆಗೆಯಿರಿ. ಅದರಲ್ಲಿ ಹಸಿರು ಎಷ್ಟೆಂದು ಕುಯ್ದವರ ಎದುರಿಗೇ ಎಣಿಸಿರಿ. ಎಲ್ಲರ ಚೀಲವನ್ನೂ ದಿನವೂ ಎಣಿಸಬೇಕಾಗಿಲ್ಲ; ಯಾರದು ಎಂದು ಮುಂಚೆ ಹೇಳದೆ ದಿನಕ್ಕೆ ಕೆಲವರದು ಎಣಿಸಿದರೆ ಸಾಕು.

ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಸೀರೆಯ ಉದ್ದದಲ್ಲಿ ಅದು ಒಂದು ಗೆರೆಯಷ್ಟು ಜಾಗ. ಗಜಕೋಲಿಗೆ ಅದು ಸಿಗುವುದೇ ಇಲ್ಲ, ಆದರೆ ಅಲ್ಲಿ ಕೈ ತಪ್ಪಿದರೆ ಸೀರೆಯೇ ಕೆಟ್ಟಿತು. ನಮ್ಮ ಪ್ರತಿಯೊಂದು ಕೆಲಸದಲ್ಲಿಯೂ ಇಂಥ ಒಂದು ಕೊಂಡಿ ಇರುತ್ತದೆ. ಅದನ್ನು ಕಂಡುಹಿಡಿದು ಅಲ್ಲಿ ಕಣ್ಣಿಡುವುದೇ ಅಳತೆಯ ಜಾಣತನ.

5. ಕಚೇರಿಯ ಕೆಲಸಗಾರರು

ಸಹಕಾರ ಸಂಘದಲ್ಲಿ ಗುಮಾಸ್ತರು, ತೂಕದವರು, ದಾಸ್ತಾನು ನೋಡುವವರು ಇದ್ದಾರೆ. ಇವರ ಕೆಲಸಕ್ಕೆ ತಕ್ಕಡಿಯಿಲ್ಲ. ವರ್ಷದ ಕೊನೆಗೆ ನಿರ್ದೇಶಕರು "ಉತ್ತಮ", "ಸಾಧಾರಣ" ಎಂದು ಬರೆಯುತ್ತಾರೆ. ಇಲ್ಲಿ ಬೇರೊಂದು ಅಪಾಯವಿದೆ. 1920ರಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಮನಶ್ಶಾಸ್ತ್ರಜ್ಞರು ಸೈನ್ಯದ ಅಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ಪರೀಕ್ಷಿಸಿದರು. ಮೈಕಟ್ಟು ಚೆನ್ನಾಗಿದೆ ಎಂದು ಅಂಕ ಪಡೆದವನಿಗೆ ಬುದ್ಧಿ, ನಾಯಕತ್ವ, ನಡತೆಗಳಲ್ಲಿಯೂ ಒಳ್ಳೆಯ ಅಂಕಗಳೇ ಬಂದಿದ್ದವು. ಒಂದು ಗುಣದ ಪ್ರಭೆ ಉಳಿದೆಲ್ಲವನ್ನೂ ಬೆಳಗಿಸಿಬಿಟ್ಟಿತ್ತು. ನಮ್ಮಲ್ಲಿಯೂ ಎದ್ದು ನಿಂತು ನಮಸ್ಕರಿಸುವ ಗುಮಾಸ್ತ ಎಲ್ಲದರಲ್ಲಿಯೂ ಒಳ್ಳೆಯವನಾಗುತ್ತಾನೆ. ಮಾತು ಕಡಿಮೆಯ ದಾಸ್ತಾನುಗಾರ ಗೊಬ್ಬರದ ಲೆಕ್ಕವನ್ನು ಒಂದು ಚೀಲ ತಪ್ಪದೆ ಇಟ್ಟರೂ "ಸಾಧಾರಣ"ನಾಗಿಯೇ ಉಳಿಯುತ್ತಾನೆ.

ಇದಕ್ಕೆ ಮದ್ದು, ವ್ಯಕ್ತಿಯ ಬಗ್ಗೆ ಒಂದು ಮಾತು ಬರೆಯುವ ಬದಲು ಕೆಲಸದ ಬಗ್ಗೆ ನಾಲ್ಕೈದು ಬೇರೆ ಬೇರೆ ಪ್ರಶ್ನೆ ಕೇಳುವುದು. ಸದಸ್ಯನಿಗೆ ರಸೀದಿ ಅದೇ ದಿನ ಸಿಕ್ಕಿತೇ? ದಾಸ್ತಾನಿನ ಪುಸ್ತಕಕ್ಕೂ ಗೋದಾಮಿಗೂ ತಾಳೆಯಾಯಿತೇ? ತಪ್ಪಾದಾಗ ತಾನೇ ಮುಂದೆ ಬಂದು ಹೇಳಿದನೇ? ಹೊಸಬನಿಗೆ ಕೆಲಸ ಕಲಿಸಿದನೇ? ಉತ್ತರಗಳನ್ನು ವರ್ಷಕ್ಕೊಮ್ಮೆ ನೆನಪಿನಿಂದ ಬರೆಯದೆ ತಿಂಗಳು ತಿಂಗಳು ಬರೆದಿಟ್ಟುಕೊಳ್ಳಬೇಕು. ಇಲ್ಲವಾದರೆ ಕೊನೆಯ ಹದಿನೈದು ದಿನದ ಕೆಲಸವೇ ವರ್ಷದ ಕೆಲಸವಾಗಿಬಿಡುತ್ತದೆ.

6. ಅಳತೆ ಮಾಡುವ ಕ್ರಮ

ಇದುವರೆಗೆ ಹೇಳಿದ್ದನ್ನು ಆಚರಣೆಗೆ ಸುಲಭವಾಗುವಂತೆ ಹೀಗೆ ಸಂಗ್ರಹಿಸಬಹುದು:

(ಅ) ಕುಯ್ಲಿಗೆ ಮುಂಚೆ, "ಒಳ್ಳೆಯ ಕೆಲಸ" ಎಂದರೆ ಏನೆಂದು ಕೆಲಸಗಾರರೊಡನೆ ಕುಳಿತು ಮಾತಿನಲ್ಲಿ ನಿಶ್ಚಯಿಸಿರಿ. ಹಣ್ಣು, ಕಾಯಿ, ಮುರಿದ ರೆಂಬೆಗಳನ್ನು ಕೈಯಲ್ಲಿ ಹಿಡಿದು ತೋರಿಸಿರಿ.

(ಆ) ಒಂದೇ ಅಳತೆಯನ್ನು ನಂಬಬೇಡಿರಿ. ತೂಕದ ಜೊತೆಗೆ ಗುಣದ ಒಂದು ಎಣಿಕೆ, ಗಿಡದ ಸ್ಥಿತಿಯ ಒಂದು ನೋಟ ಇರಲಿ.

(ಇ) ಕೈಯಲ್ಲಿಲ್ಲದ್ದನ್ನು ಕಳೆಯಿರಿ. ಇಳಿಜಾರಿನ ತಾಕು, ಫಸಲು ಕಡಿಮೆಯ ತಾಕು, ಮೊದಲ ಸುತ್ತಿನ ಬಿಡಿ ಹಣ್ಣು ಇವುಗಳಿಗೆ ಒಂದೇ ದರ ಹಾಕಬಾರದು. ನಮ್ಮಿಂದ ತಡವಾದ ಹೊತ್ತನ್ನು ಆಳಿನ ಲೆಕ್ಕಕ್ಕೆ ಬರೆಯಬಾರದು.

(ಈ) ಕಾಣದ ಕೆಲಸವನ್ನು ಎಣಿಸಿರಿ. ಉದುರು ಆಯುವವರು, ಕಾಯಿ ಬೇರ್ಪಡಿಸುವವರು, ನೀರು ತರುವವರು ನಮ್ಮ ತೋಟದ ಕಂಡಿಕೆ ಸುತ್ತುವವರು. ಅವರಿಗೆ ದಿನಗೂಲಿಯೇ ಸರಿ.

(ಉ) ಕಿಲೋ ಲೆಕ್ಕದ ಕೂಲಿ ಎಷ್ಟೇ ಇರಲಿ, ದಿನದ ಕೊನೆಗೆ ಕೈಗೆ ಬರುವ ಹಣ ಕಾನೂನಿನ ಕನಿಷ್ಠ ಕೂಲಿಗಿಂತ ಕಡಿಮೆಯಾಗಬಾರದು. ದಿನದ ಕನಿಷ್ಠ ದರ ಮಾತ್ರ ಗೊತ್ತಾಗಿರುವ ಕಡೆ ತುಂಡುಗೆಲಸದವರಿಗೂ ಅದಕ್ಕಿಂತ ಕಡಿಮೆ ಕೊಡಕೂಡದೆಂಬ ನಿಯಮ 1948ರ ಕನಿಷ್ಠ ವೇತನ ಕಾಯ್ದೆಯಲ್ಲಿತ್ತು. 2019ರ ವೇತನ ಸಂಹಿತೆಯೂ ಅದನ್ನೇ ಉಳಿಸಿಕೊಂಡಿದೆ.

(ಊ) ಅಳತೆಯ ಫಲವನ್ನು ಮೊದಲು ಆಯಾ ವ್ಯಕ್ತಿಗೆ ಹೇಳಿರಿ, ಎಲ್ಲರೆದುರು ಓದಬೇಡಿರಿ. ಅಳತೆ ಇರುವುದು ಕೆಲಸವನ್ನು ತಿದ್ದಲು, ಮನಸ್ಸನ್ನು ನೋಯಿಸಲು ಅಲ್ಲ.

7. ಕೊನೆಯ ಮಾತು

ವಿದ್ಯುತ್ ಮಗ್ಗ ಬಂದ ಮೇಲೆ ಉದ್ದದ ಲೆಕ್ಕದಲ್ಲಿ ಕೈಮಗ್ಗ ಎಂದೂ ಗೆಲ್ಲಲಾರದು. ಗುಳೇದಗುಡ್ಡದ ಖಣಕ್ಕೆ ಭೌಗೋಳಿಕ ಸೂಚಕದ ನೋಂದಣಿ ದೊರೆತಿದೆ. ಎಂದರೆ, ಇಂಥ ಊರಿನಲ್ಲಿ ಇಂಥ ರೀತಿಯಲ್ಲಿ ನೇಯ್ದದ್ದು ಮಾತ್ರ ಈ ಹೆಸರಿಗೆ ಯೋಗ್ಯ ಎಂದು ಕೆಲಸವನ್ನು ಮಾತಿನಲ್ಲಿ ಬರೆದಿಟ್ಟ ಹಾಗಾಯಿತು. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಯ ಅರೇಬಿಕಾ ಕಾಫಿಗಳಿಗೂ ಶಿರಸಿಯ ಅಡಿಕೆಗೂ ಇದೇ ಮನ್ನಣೆ ಸಿಕ್ಕಿತು. ಹೆಸರು ಸಿಕ್ಕಿತೆಂದು ನಾವು ಹೆಮ್ಮೆಪಡುತ್ತೇವೆ. ಆ ಹೆಸರನ್ನು ಉಳಿಸುವುದು ಮಾತ್ರ ಗಿಡದ ಮುಂದೆ ನಿಂತು, ಈ ಹಣ್ಣು ಕೀಳಲೇ, ಬಿಡಲೇ ಎಂದು ನಿರ್ಧರಿಸುವ ಬೆರಳುಗಳು. ಆ ಬೆರಳು ಬಿಟ್ಟ ಕಾಯಿಗೆ ನಮ್ಮ ಲೆಕ್ಕದ ಪುಸ್ತಕದಲ್ಲಿ ಇಂದಿಗೂ ಜಾಗವಿಲ್ಲ. ಈ ಕುಯ್ಲಿಗೆ ಒಂದು ಕಾಲಮ್ಮನ್ನು ಅದಕ್ಕಾಗಿ ಎಳೆಯೋಣ.

ಅಧ್ಯಯನ ಕೂಟದಲ್ಲಿ ಚರ್ಚೆಗೆ:

1. ನಿಮ್ಮ ತೋಟದಲ್ಲಿ ಯಾವ ಕೆಲಸಕ್ಕೆ ತೂಕ ಅಥವಾ ಎಣಿಕೆಯ ಕೂಲಿ ಇದೆ? ಆ ಅಳತೆಯಿಂದ ತಪ್ಪಿಸಿಕೊಳ್ಳುತ್ತಿರುವ "ಕೊಂಡಿ" ಯಾವುದು?

2. ಅಡಿಕೆ ಸುಲಿಯುವವರಿಗೆ ತೂಕದ ಕೂಲಿ ಕೊಡುವಾಗ ಕತ್ತಿ ತಾಗಿ ಕೆಟ್ಟ ಅಡಿಕೆಯನ್ನು ಹೇಗೆ ಲೆಕ್ಕಕ್ಕೆ ತರಬಹುದು?

3. ಈ ವರ್ಷ ನಿಮ್ಮಲ್ಲಿ "ನಿಧಾನ" ಎಂದು ಹೆಸರಾದ ಒಬ್ಬರ ಚೀಲದಿಂದ ನೂರು ಹಣ್ಣು ಎಣಿಸಿ ನೋಡಿರಿ. ಏನು ಕಂಡಿತೆಂದು ಮುಂದಿನ ಸಭೆಯಲ್ಲಿ ಹೇಳಿರಿ.